ಟ್ರೇಲರಿನ ಅಲಾರಂ: ಕೂಗಿಗೂ ಕ್ರಮಕ್ಕೂ ಇರುವ ಅಂತರ

ಅಮೆರಿಕದ ಟ್ರಾವೆಲ್ ಟ್ರೇಲರ್‌ಗಳಲ್ಲಿ ಗೋಡೆಯ ಬುಡದಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಒಲೆ, ಹೀಟರುಗಳ ಪ್ರೊಪೇನ್ ಸೋರಿದರೂ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡರೂ ಕೂಗಬೇಕಾದದ್ದು ಅದೇ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ತಳಕ್ಕೆ ಇಳಿಯುತ್ತದೆ. ಹಾಗಾಗಿ ಜಾಗ ಸರಿಯಾದದ್ದೇ.

ಸೋತಿರುವುದು ಅದರ ಕೂಗು. ಬ್ಯಾಟರಿ ಇಳಿದರೂ ಚಿಕ್, ಆಯುಸ್ಸು ಮುಗಿದರೂ ಚಿಕ್. ಯಾವ ಬಣ್ಣದ ದೀಪಕ್ಕೆ ಏನರ್ಥ ಎಂಬುದು ಕಂಪನಿಗೊಂದು ಬಗೆ, ಅದೂ ಡ್ರಾಯರ್‌ನಲ್ಲಿ ಬಿದ್ದಿರುವ ಕೈಪಿಡಿಯಲ್ಲಿ. ನಡುರಾತ್ರಿ ನಿದ್ದೆಗೆಟ್ಟವರು ಫ್ಯೂಸ್ ಕಿತ್ತು ಮತ್ತೆ ಮಲಗುತ್ತಾರೆ. ಈ ಅಪಾಯಕ್ಕೆ ದಾರಿ ಮಾಡಿಕೊಟ್ಟ ಹೊಣೆಯಲ್ಲಿ ವಿನ್ಯಾಸಕಾರರದ್ದೂ ಪಾಲಿದೆ.

ದೋಷ ಹುಡುಕುವ ರೂಢಿಯೂ ತಲೆಕೆಳಗಾಗಿದೆ. ಹೇರ್‌ಸ್ಪ್ರೇ ಇರಬಹುದು, ನೆಲ ಒರೆಸುವ ದ್ರಾವಣ ಇರಬಹುದು ಎಂದು ಸುಳ್ಳು ಕೂಗಿನ ಕಾರಣಗಳಿಂದಲೇ ಶುರು. ಈ ಕಾರಣಗಳೆಲ್ಲ ನಿಜವೇ. ಅತಿಯಾಗಿ ಚಾರ್ಜ್ ಆದ ಲೆಡ್ ಆಸಿಡ್ ಬ್ಯಾಟರಿ ಬಿಡುವ ಹೈಡ್ರೋಜನ್ನನ್ನು ಸೆನ್ಸರ್ ಕಾರ್ಬನ್ ಮೊನಾಕ್ಸೈಡ್ ಎಂದು ತಿಳಿಯುವುದೂ ಉಂಟು. ಆದರೆ ಹೈಡ್ರೋಜನ್ ತಾನೇ ಸ್ಫೋಟಿಸಬಲ್ಲ ಅನಿಲ. ಅದನ್ನು ಹುಸಿ ಕೂಗು ಎಂದು ಬದಿಗೆ ಸರಿಸುವುದು ಹೇಗೆ? ಪೂರ್ತಿ ಅಲಾರಂ ಮೊಳಗಿದರೆ ಮೊದಲು ಎಲ್ಲರೂ ಹೊರಗೆ, ಹೊರಗಿನಿಂದಲೇ ಸಿಲಿಂಡರ್ ವಾಲ್ವ್ ಬಂದ್, ಆಮೇಲೆ ಸಹಾಯಕ್ಕೆ ಕರೆ. ಕಾರಣ ಹುಡುಕುವುದು ಗಾಳಿ ತಿಳಿಯಾದ ಮೇಲಿನ ಕೆಲಸ. ಒಳಗೆ ನಿಂತು ಸ್ವಿಚ್ ಒತ್ತಿ ನೋಡುವುದು ಪ್ರೊಪೇನ್ ಇದ್ದಲ್ಲಿ ಪ್ರಾಣಕ್ಕೇ ಸಂಚಕಾರ.

ಮೌನವನ್ನೂ ಪೂರ್ತಿ ನಂಬಲಾಗದು. ಅಲ್ಲಿನ ಯುಎಲ್ 2034 ಮಾನದಂಡದ ಪ್ರಕಾರ ಹತ್ತು ಲಕ್ಷಕ್ಕೆ 70 ಭಾಗ ಕಾರ್ಬನ್ ಮೊನಾಕ್ಸೈಡ್ ಇದ್ದಾಗ ಅಲಾರಂ 60ರಿಂದ 240 ನಿಮಿಷಗಳೊಳಗೆ ಕೂಗಿದರೆ ಸಾಕು. ಆರೋಗ್ಯವಂತ ವಯಸ್ಕರನ್ನು ಮನಸ್ಸಿನಲ್ಲಿಟ್ಟು ಮಾಡಿದ ಈ ಲೆಕ್ಕ ಹಸುಗೂಸು, ಗರ್ಭಿಣಿ, ಹೃದ್ರೋಗಿಗಳಿಗೆ ಸಾಲದು. ಎಲ್ಲರಿಗೂ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಪೆಟ್ಟಿಗೆಗೆ ಕಾಯದೆ ಹೊರಬರಬೇಕು.

ಟೆಸ್ಟ್ ಗುಂಡಿಯ ಮೇಲಿನ ಭರವಸೆಯೂ ಅತಿಯಾಯಿತು. ಅದು ಪರೀಕ್ಷಿಸುವುದು ಸರ್ಕ್ಯೂಟನ್ನೂ ಸದ್ದನ್ನೂ. ಸೆನ್ಸರ್ ಅನಿಲವನ್ನು ಗುರುತಿಸುತ್ತದೆಯೇ ಎಂಬುದನ್ನಲ್ಲ. ಸೆನ್ಸರಿನ ಬಾಳಿಕೆ ಮಾದರಿಗೆ ತಕ್ಕಂತೆ ಸಾಮಾನ್ಯವಾಗಿ 5ರಿಂದ 10 ವರ್ಷ. ಹಳೆಯ ಟ್ರೇಲರ್ ಕೊಳ್ಳುವವರು ಟೈರು, ಛಾವಣಿ ನೋಡುತ್ತಾರೆ. ಸ್ಕ್ರೂ ಬಿಚ್ಚಿ ಪೆಟ್ಟಿಗೆಯ ಬೆನ್ನಿನ ದಿನಾಂಕ ಓದುವವರು ಕಡಿಮೆ. ಅವಧಿ ಮೀರಿದ್ದರೆ ರಿಪೇರಿಯ ಮಾತಿಲ್ಲ, ಹೊಸದನ್ನೇ ಹಾಕಬೇಕು.