ಬ್ಯಾಂಕಾಕಿನಲ್ಲಿ ಬಿಸಿಬಿಸಿ ಉಣ್ಣಿ

ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ನಮ್ಮವರು ಈಗ ಗುಂಪುಗುಂಪಾಗಿ ಹೋಗಿಬರುತ್ತಾರೆ. ಹೊರಡುವ ಮುನ್ನ ಎಲ್ಲರೂ ಕೇಳುವುದು ಒಂದೇ ಮಾತು: ‘ಅಲ್ಲಿ ಊಟಕ್ಕೇನು ಮಾಡೋದು?’ ಆ ಭಯಕ್ಕೆ ಸೂಟ್‌ಕೇಸಿನ ಅರ್ಧ ಜಾಗ ಚಟ್ನಿಪುಡಿಗೆ, ಹುರಿದ ಅವಲಕ್ಕಿಗೆ, ಬಿಸಿನೀರು ಸುರಿದರೆ ಉಪ್ಪಿಟ್ಟಾಗುವ ಪೊಟ್ಟಣಗಳಿಗೆ ಹೋಗುತ್ತದೆ. ಬೆಳಿಗ್ಗೆ ಹೋಟೆಲಿನ ಬಫೆ, ರಾತ್ರಿ ಎಲ್ಲೋ ಹುಡುಕಿ ಹಿಡಿದ ಪನೀರು, ನಾನ್. ಅಡುಗೆಗೆ ಹೆಸರಾದ ಊರಿಗೆ ಹೋಗಿ ಅಲ್ಲಿಯ ಅಡುಗೆಯನ್ನು ಮುಟ್ಟದೆ ಬರುವುದು ದೊಡ್ಡ ನಷ್ಟ. ಆರೋಗ್ಯದ ಲೆಕ್ಕದಲ್ಲೂ ಇದು ಒಳ್ಳೆಯ ದಾರಿಯಲ್ಲ.

ಯಾಕೆಂದರೆ ಹೊಟ್ಟೆ ಕೆಡಿಸುವುದು ಬೀದಿಯಲ್ಲ, ಉಗುರುಬೆಚ್ಚಗಿನ ಅಡುಗೆ. ಆಹಾರದಲ್ಲಿ ಸೂಕ್ಷ್ಮಜೀವಿಗಳು ಭರದಿಂದ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ. ಬಫೆಯ ತಟ್ಟೆಯಲ್ಲಿ ಎರಡು ಮೂರು ತಾಸು ಕುಳಿತ ನೂಡಲ್ಸು, ಬೆಳಿಗ್ಗೆಯೇ ಹೆಚ್ಚಿಟ್ಟ ಸಲಾಡು, ಆರಿದ ಅನ್ನ, ಇವೆಲ್ಲ ಆ ಮಟ್ಟಕ್ಕೆ ಬಂದು ನಿಲ್ಲುವಂಥವು. ಹತ್ತು ಜನ ಕಾಯುತ್ತಿರುವ ಗಾಡಿಯಲ್ಲಿ ಒಲೆಯಿಂದ ಇಳಿದದ್ದು ನೇರ ನಿಮ್ಮ ತಟ್ಟೆಗೆ ಬರುತ್ತದೆ. ಅಲ್ಲಿ ಆರಲು ಹೊತ್ತೇ ಇಲ್ಲ. ಬ್ಯಾಂಕಾಕಿನಲ್ಲಿ ನಾನು ನಂಬುವ ಸೂತ್ರ ಮೂರು: ಕಣ್ಣೆದುರು ಬೇಯುತ್ತಿರಬೇಕು, ಊರಿನವರೇ ಮುಗಿಬಿದ್ದಿರಬೇಕು, ಅವರು ಉಣ್ಣುವ ಹೊತ್ತಿಗೇ ನಾವೂ ಉಣ್ಣಬೇಕು.

ಇದನ್ನು ನೋಡಬೇಕೆಂದರೆ ಚಾವ್ ಫ್ರಯಾ ನದಿಯ ಪಶ್ಚಿಮ ದಡದ ವಾಂಗ್ ಲಾಂಗ್ ಮಾರುಕಟ್ಟೆಗೆ ಹೋಗಿ. ಅರಮನೆ ನೋಡಿದವರು ದೋಣಿಯಲ್ಲಿ ಹೊಳೆ ದಾಟಿದರೆ ಸಾಕು. ಪಕ್ಕದಲ್ಲೇ 1888ರಲ್ಲಿ ಶುರುವಾದ, ಆ ದೇಶದ ಅತಿ ಹಳೆಯ ಆಸ್ಪತ್ರೆ ಸಿರಿರಾಜ್ ಇದೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಆ ಓಣಿಗಳಲ್ಲಿ ನರ್ಸುಗಳು, ವೈದ್ಯ ವಿದ್ಯಾರ್ಥಿಗಳು ಸಾಲಾಗಿ ಊಟಕ್ಕೆ ಬರುತ್ತಾರೆ. ಅವರು ಕೂರುವ ಬೆಂಚಿನಲ್ಲಿ ಕೂತರೆ ನನಗೆ ಧೈರ್ಯ.

ನೂಡಲ್ಸ್ ಗಾಡಿಯವಳ ಕೈ ಗಮನಿಸಿ. ಕೊತಕೊತ ಕುದಿಯುವ ಹಂಡೆ. ಉದ್ದ ಹಿಡಿಯ ತಂತಿ ಜಾಲರಿಗೆ ಒಂದು ಹಿಡಿ ಅಕ್ಕಿ ನೂಡಲ್ಸು, ಒಂದು ಹಿಡಿ ಮೊಳಕೆಕಾಳು ಹಾಕಿ ಕುದಿನೀರಿಗೆ ಅದ್ದುತ್ತಾಳೆ. ಎರಡು ಸಲ ಜಾಡಿಸಿ ಎತ್ತಿ ಬಟ್ಟಲಿಗೆ ಸುರಿದು ಮೇಲೆ ಕುದಿಯುವ ಸಾರು ಹೊಯ್ಯುತ್ತಾಳೆ. ಬಟ್ಟಲು ಚಿಕ್ಕದು, ಹೊಟ್ಟೆಗೆ ಹಗುರ. ಮೇಜಿನ ಮೇಲೆ ನಾಲ್ಕು ಡಬ್ಬಿ: ಸಕ್ಕರೆ, ಮೀನಿನ ಉಪ್ಪುರಸ, ಒಣಮೆಣಸಿನ ತರಿ, ಮೆಣಸಿನಕಾಯಿ ನೆನೆಸಿದ ವಿನೆಗರ್. ಹುಳಿ, ಖಾರ, ಉಪ್ಪು, ಸಿಹಿ ಎಷ್ಟಿರಬೇಕೆಂಬ ತೀರ್ಮಾನ ಉಣ್ಣುವವರದು. ಸಕ್ಕರೆಯ ಡಬ್ಬಿ ಬಿಟ್ಟು ವಿನೆಗರಿನದನ್ನು ಹಿಡಿದರೆ ನಾಲಿಗೆಗೂ ಒಳ್ಳೆಯದು, ದೇಹಕ್ಕೂ ಒಳ್ಳೆಯದು.

ಹೊತ್ತಿನ ಮಾತು ಮುಖ್ಯ. ಅನ್ನದ ಮೇಲೆ ಬಗೆಬಗೆಯ ಗಸಿ, ಪಲ್ಯ ಬಡಿಸುವ ಅಂಗಡಿಗಳಿಗೆ ಅಲ್ಲಿ ಖಾವ್ ಗೇಂಗ್ ಎನ್ನುತ್ತಾರೆ. ಆ ಗಸಿಗಳು ಬೆಳಿಗ್ಗೆಯೇ ಆಗಿರುತ್ತವೆ. ಹನ್ನೆರಡರೊಳಗೆ ಉಂಡರೆ ರುಚಿಯೂ ಸರಿ, ಶುಚಿಯೂ ಸರಿ. ಮೂರು ಗಂಟೆಗೆ ತಟ್ಟೆಯ ತಳದಲ್ಲಿ ಉಳಿದದ್ದನ್ನು ಮುಟ್ಟಬೇಡಿ. ಸಂಜೆಯ ಊಟಕ್ಕೆ ಬಾಣಲೆಯ ಅಡುಗೆಯೇ ಸೈ. ಪಾಕ್ ಬೂಂಗ್ ಎಂಬ ಟೊಳ್ಳು ದಂಟಿನ ಸೊಪ್ಪನ್ನು ಬೆಳ್ಳುಳ್ಳಿ, ಮೆಣಸಿನಕಾಯಿ, ಹುದುಗಿಸಿದ ಸೋಯಾಕಾಳಿನ ಜತೆ ಹೊಗೆಯಾಡುವ ಎಣ್ಣೆಗೆ ಒಮ್ಮೆಲೇ ಸುರಿಯುತ್ತಾರೆ. ಬೆಂಕಿ ಭಗ್ಗನೆ ಮೇಲೇಳುತ್ತದೆ. ನಿಮಿಷದೊಳಗೆ ಸೊಪ್ಪು ತಟ್ಟೆಯಲ್ಲಿರುತ್ತದೆ, ಹಸಿರು ಮಾಸಿರುವುದಿಲ್ಲ, ದಂಟು ಕರುಮ್ ಎನ್ನುತ್ತಿರುತ್ತದೆ. ಅದರೊಂದಿಗೆ ಬಿಸಿ ಅನ್ನವಿದ್ದರೆ ನನಗೆ ಬೇರೇನೂ ಬೇಡ.

ಸಸ್ಯಾಹಾರಿಗಳಿಗೆ ಅಲ್ಲಿ ಏನೂ ಸಿಗದು ಎಂಬುದು ಸುಳ್ಳು. ಆದರೆ ಬರೀ ‘ಮಾಂಸ ಬೇಡ’ ಎಂದರೆ ಸಾಲದು. ಮೀನಿನ ಉಪ್ಪುರಸ, ಸಿಂಪಿಯ ಸಾಸು, ಒಣಸಿಗಡಿ ತರಕಾರಿ ಪಲ್ಯಕ್ಕೂ ಬೀಳುತ್ತವೆ. ‘ಜೇ’ ಎಂದು ಕೇಳಿ. ಚೀನೀ ಮೂಲದ ಈ ವ್ರತದೂಟದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಇವೆರಡನ್ನೂ ಮುಟ್ಟದ ನಮ್ಮ ಸಸ್ಯಾಹಾರಿಗಳೂ ನೆಮ್ಮದಿಯಿಂದ ಕೂರಬಹುದು. ಅಂಗಡಿಯ ಗುರುತು ಹಳದಿ ಬಾವುಟದ ಮೇಲೊಂದು ಕೆಂಪು ಬರಹ. ಥಾಯ್ ಓದಲು ಬಾರದವರ ಕಣ್ಣಿಗೆ ಅದು 17ರ ಅಂಕಿಯಂತೆ ಕಾಣುತ್ತದೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ, ಅಂದರೆ ಹೆಚ್ಚಾಗಿ ನಮ್ಮ ನವರಾತ್ರಿಯ ಆಸುಪಾಸಿನಲ್ಲಿ, ಒಂಬತ್ತು ದಿನ ಚೀನೀಪೇಟೆಯ ಯಾವರಾತ್ ಬೀದಿ ಪೂರ್ತಿ ಈ ಬಾವುಟಗಳೇ. ಸಂತಿ ಅಶೋಕ್ ಎಂಬ ಬೌದ್ಧ ಪಂಥದವರು ಕಡಿಮೆ ಬೆಲೆಗೆ ಸಸ್ಯಾಹಾರ ಬಡಿಸುವ ಊಟದ ಮನೆಗಳನ್ನು ನಡೆಸಿಕೊಂಡು ಬಂದಿದ್ದಾರೆ. 1985ರಲ್ಲಿ ಬ್ಯಾಂಕಾಕಿನ ಗವರ್ನರ್ ಆಗಿ ಆಯ್ಕೆಯಾದ ಚಾಮ್ಲಾಂಗ್ ಶ್ರೀಮುವಾಂಗ್ ಆ ಪಂಥದವರೇ, ಸಸ್ಯಾಹಾರಿಯೇ.

ಇನ್ನು ಕುಡಿಯುವುದು. ನಲ್ಲಿ ನೀರು ಬೇಡ, ಸೀಲ್ ಮಾಡಿದ ಬಾಟಲಿಯೇ ಸರಿ. ಐಸ್‌ಗೆ ಹೆದರುವವರಿಗೊಂದು ಗುರುತು ಹೇಳುತ್ತೇನೆ: ನಡುವೆ ತೂತಿರುವ ಕೊಳವೆಯಾಕಾರದ ಐಸ್ ಕಾರ್ಖಾನೆಯಲ್ಲಿ ಶುದ್ಧೀಕರಿಸಿದ ನೀರಿನಿಂದ ಆದದ್ದು. ದೊಡ್ಡ ದಿಮ್ಮಿಯಿಂದ ಒಡೆದ ಚೂರು ಮೀನು ತಣ್ಣಗಿಡಲಿಕ್ಕೆ, ಅದು ಲೋಟಕ್ಕೆ ಬಿದ್ದರೆ ಬೇಡವೆನ್ನಿ. ನಿಜವಾದ ಅಪಾಯ ಸಕ್ಕರೆ. ಕಿತ್ತಳೆ ಬಣ್ಣದ ಚಹಾಕ್ಕೆ ಸಕ್ಕರೆಯ ಮೇಲೆ ಕಂಡೆನ್ಸ್ಡ್ ಹಾಲೂ ಬೀಳುತ್ತದೆ. ಸಿಹಿ ಪಾನೀಯಗಳ ಮೇಲೆ ಥಾಯ್ ಸರ್ಕಾರ 2017ರಲ್ಲೇ ಸಕ್ಕರೆ ತೆರಿಗೆ ಹಾಕಿದೆ. ‘ವಾನ್ ನೋಯ್’ ಎಂದರೆ ಸಿಹಿ ಕಡಿಮೆ ಮಾಡಿ ಕೊಡುತ್ತಾರೆ. ನನ್ನ ಆಯ್ಕೆ ಎಳನೀರು, ಇಲ್ಲವೇ ಬಿಲ್ವದ ಕಾಯಿಯನ್ನು ಬಿಲ್ಲೆಯಾಗಿ ಕೊಯ್ದು ಒಣಗಿಸಿ ಕುದಿಸಿದ ಮತೂಮ್. ನಮ್ಮಲ್ಲಿ ಪೂಜೆಗೆ ಮೀಸಲಾದ ಮರದ ಕಾಯಿ ಅಲ್ಲಿ ದಿನದ ಪಾನಕ. ನಾವು ತಂಬುಳಿ ಮಾಡುವ ಒಂದೆಲಗದ ಹಸಿರು ರಸವನ್ನೂ ಬಾಟಲಿಯಲ್ಲಿ ತುಂಬಿ ಮಾರುತ್ತಾರೆ.

ಹಸಿಯದರ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಿ. ಸೋಮ್ ತಾಮ್ ಎಂಬ ಪರಂಗಿಕಾಯಿ ಕೋಸಂಬರಿ ಬಿಡಬಾರದ ತಿಂಡಿ. ಒರಳಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ, ತಾಳೆಬೆಲ್ಲ, ನಿಂಬೆರಸ, ಹುರಿದ ಕಡಲೆಕಾಯಿ ಹಾಕಿ, ಕಾಯಿಯ ತೆಳುಎಳೆಗಳನ್ನು ಸೇರಿಸಿ ಟಪಟಪ ಕುಟ್ಟಿ ಕೊಡುತ್ತಾರೆ. ಕಾಯಿಯನ್ನು ನಿಮ್ಮೆದುರೇ ಕೊಚ್ಚುವ ಅಂಗಡಿ ಆರಿಸಿ. ಉಪ್ಪಿನಲ್ಲಿ ನೆನೆಸಿದ ಹಸಿ ಏಡಿ ಹಾಕುವ ಬಗೆ ಬೇಡ. ಈಶಾನ್ಯ ಥಾಯ್ಲೆಂಡಿನ ಹೊಳೆಮೀನಿನ ಹಸಿ ಖಾದ್ಯಗಳಂತೂ ಬೇಡವೇ ಬೇಡ. ಆ ಮೀನಿನಲ್ಲಿರುವ ಯಕೃತ್ತಿನ ಹುಳು ಪಿತ್ತನಾಳದ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾಗಿದೆ. ನಿಂಬೆರಸ ಹಿಂಡಿದರೆ ಮೀನು ಬೆಳ್ಳಗಾಗುತ್ತದೆ, ಹುಳು ಸಾಯುವುದಿಲ್ಲ. ಹಣ್ಣನ್ನು ಸಿಪ್ಪೆಸಹಿತ ಕೊಂಡು ಎದುರೇ ಹೆಚ್ಚಿಸಿಕೊಳ್ಳಿ.

ಇಷ್ಟಾದರೂ ಹೊಟ್ಟೆ ಮುನಿಸಿಕೊಂಡರೆ ಗಾಬರಿ ಬೇಡ. ಅದು ಗಂಜಿಯ ದೇಶ. ತಡರಾತ್ರಿಯವರೆಗೂ ತೆರೆದಿರುವ ಖಾವ್ ತೋಮ್ ಅಂಗಡಿಗಳಲ್ಲಿ ಸಪ್ಪೆ ಅಕ್ಕಿಗಂಜಿ ಸಿಗುತ್ತದೆ. ಔಷಧದಂಗಡಿಯಲ್ಲಿ ಓಆರ್‌ಎಸ್ ಪೊಟ್ಟಣ ಕೇಳಿ, ಬಾಟಲಿ ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಯಿರಿ. ಜ್ವರ ಬಂದರೆ, ಭೇದಿಯಲ್ಲಿ ರಕ್ತ ಕಂಡರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಪ್ರಯಾಣ ವಿಮೆ ಮಾಡಿಸದೆ ಹೊರಡಲೇಬೇಡಿ. ಏಪ್ರಿಲ್ಲಿನ ಸೆಕೆ ನಮ್ಮ ಕರಾವಳಿಯವರನ್ನೂ ಬಾಡಿಸುತ್ತದೆ. ನಡುಹಗಲ ತಿರುಗಾಟ ಬಿಟ್ಟು ಬೆಳಿಗ್ಗೆ, ಸಂಜೆ ನಡೆಯಿರಿ.

ಮುಂದಿನ ಸಲ ಚಟ್ನಿಪುಡಿ ಒಂದು ಚಿಕ್ಕ ಡಬ್ಬಿಯಷ್ಟೇ ಇರಲಿ. ಹೋಟೆಲಿನ ಕೋಣೆ ಹಿಡಿಯುವಾಗ ತಿಂಡಿ ಸೇರಿಸಬೇಡಿ. ಬೆಳಗಿನ ಹಸಿವನ್ನು ಬೀದಿಗೇ ಒಯ್ಯಿರಿ, ಕೈ ತೊಳೆದುಕೊಳ್ಳಿ, ಒಲೆ ಉರಿಯುತ್ತಿರುವ ಕಡೆ ಕುಳಿತು ಬಿಸಿಯಿರುವಾಗಲೇ ಉಣ್ಣಿ.