‘ಉಚಿತ’ ಎಂಬ ಒಂದು ಮಾತು ಮತ್ತು ಐದು ಮಾಣಿಕ್ಯಗಳು

ಶ್ರಾವಕಾಚಾರ ಗ್ರಂಥಗಳ ಕಥೆಗಳನ್ನು ನಾವು ಓದುವ, ಮಕ್ಕಳಿಗೆ ಹೇಳುವ ಕ್ರಮದಲ್ಲಿ ಒಂದು ಲೋಪವಿದೆ. ಕಥೆಯ ಕೊನೆಯಲ್ಲಿ ಬರುವ ಶಿಕ್ಷೆಯನ್ನೋ ಅತಿಶಯವನ್ನೋ ಮಾತ್ರ ನೆನಪಿನಲ್ಲಿಟ್ಟುಕೊಂಡು, ನಡುವೆ ನಡೆದ ವ್ಯವಹಾರವನ್ನು ಕೈಬಿಡುತ್ತೇವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತಕ್ಕೆ ಧನದೇವನನ್ನೂ ಅದರ ಭಂಗಕ್ಕೆ ಸತ್ಯಘೋಷನನ್ನೂ ಹೆಸರಿಸಿ ಮುಂದೆ ಸಾಗುತ್ತಾರೆ. ಆ ಹೆಸರುಗಳ ಹಿಂದಿನ ಕಥೆಯನ್ನು ಬಿಡಿಸಿ ಹೇಳಿದವರು ಟೀಕಾಕಾರರಾದ ಪ್ರಭಾಚಂದ್ರರು. ನಿಟ್ಟೂರಿನ ಬಸದಿ, ಮಂದರಗಿರಿಗಳಿರುವ ಈ ಸೀಮೆಯ ಶ್ರಾವಕರಿಗೆ ಇವು ಹೊಸ ಕಥೆಗಳಲ್ಲ. ಆದರೆ ಇವೆರಡೂ ವರ್ತಕರ ಕಥೆಗಳು, ಕೊಟ್ಟ ಮಾತು ಮತ್ತು ಒಪ್ಪಿಸಿದ ಸರಕಿನ ಕಥೆಗಳು ಎಂಬ ಅಂಶ ನಮ್ಮ ಉಪನ್ಯಾಸಗಳಲ್ಲಿ ಮಸುಕಾಗಿಬಿಟ್ಟಿದೆ. ಇಂದಿನ ಒಂದು ಸಣ್ಣ ವ್ಯಾಪಾರವನ್ನು ಪಕ್ಕದಲ್ಲಿರಿಸಿಕೊಂಡು ಅವನ್ನು ಮರಳಿ ಓದುವುದು ಈ ಲೇಖನದ ಉದ್ದೇಶ.

ಆ ವ್ಯಾಪಾರ ನಮ್ಮ ಜಿಲ್ಲೆಗೆ ಹತ್ತಿರದ್ದೇ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆಗೆ ತೊಡಗಿದ ಎಚ್‌ಎಂಟಿ, ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ತೆರೆಯಿತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಒಪ್ಪಿಗೆ ನೀಡಿತು. ಕಾರ್ಖಾನೆ ಮುಚ್ಚಿದರೂ ಗಡಿಯಾರಗಳು ಮನೆಮನೆಗಳಲ್ಲಿ ಉಳಿದವು. ಜನತಾ, ಪೈಲಟ್, ಸೋನಾ, ಕಾಂಚನ್ ಮೊದಲಾದ ಹೆಸರಿನ ಆ ಗಡಿಯಾರಗಳನ್ನು ಈಗ ಸಂಗ್ರಹಕಾರರು ಹುಡುಕಿ ಕೊಳ್ಳುತ್ತಾರೆ. ಹೊಸ ಬಿಡಿಭಾಗಗಳ ತಯಾರಿಕೆ ನಿಂತಿರುವುದರಿಂದ ಕೆಟ್ಟ ಒಂದು ಗಡಿಯಾರವನ್ನು ಬಿಚ್ಚಿ ಅದರ ಡಯಲು, ಮುಳ್ಳು, ಕೇಸು, ಯಂತ್ರಗಳನ್ನು ಬೇರೆಬೇರೆಯಾಗಿ ಮಾರುವುದು ಒಂದು ಕಸುಬೇ ಆಗಿದೆ. ಗುಬ್ಬಿಯಲ್ಲಿ ಕುಳಿತವನು ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದು ಅಂತರಜಾಲದ ಸಂತೆಯಲ್ಲಿಟ್ಟರೆ ಕೊಳ್ಳುವವನು ಕಲಬುರಗಿಯಲ್ಲಿರಬಹುದು, ಕೋಲ್ಕತ್ತಾದಲ್ಲಿರಬಹುದು. ಒಬ್ಬರ ಮುಖ ಒಬ್ಬರು ಕಾಣರು. ಸರಕನ್ನು ಮುಟ್ಟಿ ನೋಡಿ, ಕೀಲಿ ಕೊಟ್ಟು, ಕಿವಿಗೆ ಹಿಡಿದು ಕೊಳ್ಳುವ ಪದ್ಧತಿ ಇಲ್ಲಿ ಸಾಧ್ಯವೇ ಇಲ್ಲ. ಆದುದರಿಂದ ಮಾರುವವನು ಬರೆದ ವರ್ಣನೆಯೇ ಸರಕು ಎಂದರೂ ಸಲ್ಲುತ್ತದೆ.

ವಾರದ ಅನಂತರ ಕೊಂಡವನಿಂದ ಪತ್ರ ಬರುತ್ತದೆ: ಯಂತ್ರ ನಡೆಯುತ್ತಿಲ್ಲ, ಅಥವಾ ಡಯಲು ಮೂಲದ್ದಲ್ಲ, ಹಿಂದಕ್ಕೆ ತೆಗೆದುಕೊಂಡು ಹಣ ಕೊಡಿ. ಮಾರಿದವನ ಮೊದಲ ಉತ್ತರ ಸಾಮಾನ್ಯವಾಗಿ ಸಿದ್ಧವಾಗಿಯೇ ಇರುತ್ತದೆ: ಹಳೆಯ ಸಾಮಾನು, ಇದ್ದ ಸ್ಥಿತಿಯಲ್ಲೇ ಮಾರಿದ್ದೇನೆ, ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ.

ಈ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ಧನದೇವನ ಕಥೆಗೆ ಬರೋಣ. ಪುಂಡರೀಕಿಣೀ ನಗರದ ಧನದೇವ, ಜಿನದೇವ ಎಂಬಿಬ್ಬರು ಅಲ್ಪ ಬಂಡವಾಳದ ವರ್ತಕರು. ಬಂದ ಲಾಭವನ್ನು ಅರ್ಧರ್ಧ ಹಂಚಿಕೊಳ್ಳುವುದೆಂದು ಸಾಕ್ಷಿಯಿಲ್ಲದೆ ಮಾತಾಡಿಕೊಂಡು ದೂರದೇಶಕ್ಕೆ ಹೋಗಿ ಬಹಳ ಹಣ ಗಳಿಸಿ ಹಿಂದಿರುಗುತ್ತಾರೆ. ಆಗ ಜಿನದೇವ ಸ್ವಲ್ಪವನ್ನು ಮಾತ್ರ ಕೊಡುತ್ತಾನೆ. ಜಗಳವು ಬಂಧುಗಳ, ಮಹಾಜನರ, ಕೊನೆಗೆ ರಾಜನ ಮುಂದೆ ಬರುತ್ತದೆ. ಅಲ್ಲಿ ಜಿನದೇವನ ವಾದವನ್ನು ಗಮನಿಸಬೇಕು. ಒಪ್ಪಂದವೇ ಆಗಿಲ್ಲವೆಂದು ಅವನು ಹೇಳುವುದಿಲ್ಲ. ತಾನು ಅರ್ಧ ಎಂದಿರಲಿಲ್ಲ, ‘ಉಚಿತ’ವಾದುದನ್ನು ಕೊಡುವೆನೆಂದಿದ್ದೆ ಎನ್ನುತ್ತಾನೆ. (ಇಂದಿನ ಕನ್ನಡದಲ್ಲಿ ಆ ಶಬ್ದಕ್ಕೆ ಪುಕ್ಕಟೆ ಎಂಬ ಅರ್ಥವೂ ಬಂದಿರುವುದನ್ನು ಜಿನದೇವ ಕಂಡಿದ್ದರೆ ಇನ್ನೂ ಸಂತೋಷಪಡುತ್ತಿದ್ದನೇನೋ.) ಅರ್ಧ ಎಂಬುದು ಅಳತೆ, ಉಚಿತ ಎಂಬುದು ಹೇಳಿದವನ ಇಷ್ಟ. ಅಳತೆಯ ಮಾತಿನ ಜಾಗದಲ್ಲಿ ಇಷ್ಟದ ಮಾತನ್ನು ತಂದಿಟ್ಟದ್ದೇ ಅವನ ಅಸತ್ಯ. ದಿವ್ಯಪರೀಕ್ಷೆಯಿಂದ ಧನದೇವ ಶುದ್ಧನೆಂದು ತೀರ್ಮಾನವಾದ ಸಂಗತಿಯನ್ನು ಟೀಕೆ ಒಂದೇ ವಾಕ್ಯದಲ್ಲಿ ಮುಗಿಸುತ್ತದೆ. ನಮ್ಮ ಪಾಠಶಾಲೆಗಳಲ್ಲಿ ಆ ಒಂದು ವಾಕ್ಯವೇ ಕಥೆಯಾಗಿದೆ. ‘ಉಚಿತ’ದ ಪ್ರಸಂಗ ಮಾಯವಾಗಿದೆ.

ಹಳೆಯ ಬಿಡಿಭಾಗಗಳ ವರ್ಣನೆಗಳಲ್ಲಿ ಜಿನದೇವನ ಈ ಮಾತು ಬೇರೆಬೇರೆ ವೇಷಗಳಲ್ಲಿ ಬರುತ್ತದೆ. ‘ಒಳ್ಳೆಯ ಸ್ಥಿತಿ’, ‘ವಯಸ್ಸಿಗೆ ತಕ್ಕಂತಿದೆ’ ಎಂಬ ಮಾತುಗಳು ಸೌಮ್ಯವಾದವು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ‘ಪರೀಕ್ಷಿಸಿಲ್ಲ’ ಎಂಬುದು. ಕೀಲಿ ಕೊಡುವ ಯಂತ್ರವನ್ನು ಪರೀಕ್ಷಿಸಲು ಏನು ಬೇಕು? ಕೀಲಿ ತಿರುಗಿಸಿ ಬ್ಯಾಲೆನ್ಸು ಆಡುತ್ತದೆಯೇ ನೋಡಿ, ಒಂದು ದಿನ ಮೇಜಿನ ಮೇಲಿಟ್ಟು ಎಷ್ಟು ಹಿಂದೆ ಅಥವಾ ಮುಂದೆ ಹೋಯಿತೆಂದು ಬರೆದುಕೊಂಡರೆ ಮುಗಿಯಿತು. ಹೇಗೆ ಪರೀಕ್ಷಿಸಬೇಕೆಂದು ತಿಳಿಯದ ಮನೆಯವರು, ತಾತನ ಗಡಿಯಾರವನ್ನು ಮಾರುವಾಗ ‘ಪರೀಕ್ಷಿಸಿಲ್ಲ’ ಎಂದು ಬರೆದರೆ ಅದು ನಿಜವಾದ ಮಾತೇ. ಆದರೆ ದಿನಕ್ಕೆ ಹತ್ತು ಯಂತ್ರ ಬಿಚ್ಚುವವನು ಅದನ್ನೇ ಬರೆದರೆ? ಅವನು ಪರೀಕ್ಷಿಸಿ, ಕೆಟ್ಟಿದೆಯೆಂದು ಕಂಡು, ಆಮೇಲೆ ಹಾಗೆ ಬರೆದಿದ್ದರೆ ಅದು ನೇರವಾದ ಸುಳ್ಳು, ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ಕೂಟಲೇಖಕ್ಕೆ ಸೇರಿದ್ದು. ಹಾಗೆ ಬರೆಯಲು ಅನುಕೂಲವಾಗಲೆಂದೇ ಪರೀಕ್ಷಿಸದೆ ಬಿಟ್ಟಿದ್ದರೆ ಅಕ್ಷರಶಃ ಸುಳ್ಳಿಲ್ಲ, ಆದರೆ ಪ್ರಮಾದವಿದೆ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಮತ್ತಯೋಗವನ್ನೇ ಬೀಜವಾಗಿ ಹಿಡಿಯುತ್ತದೆ. ಅಸತ್ಯ, ಚೌರ್ಯಗಳ ಲಕ್ಷಣಗಳಿಗೂ ವ್ಯಾಖ್ಯಾನಕಾರರು ಅದನ್ನು ಅನ್ವಯಿಸುತ್ತಾರೆ. ತಿಳಿಯಬಹುದಾದುದನ್ನು ಲಾಭಕ್ಕಾಗಿ ತಿಳಿಯದೆ ಉಳಿಯುವುದು ಆ ಲಕ್ಷಣದ ಹೊರಗೆ ನಿಲ್ಲಲಾರದು.

ಇಂಥ ವರ್ಣನೆಯನ್ನು ನಂಬಿ ಕೊಂಡವನು ಹಿಂದಿರುಗಿಸಲು ಬಂದರೆ, ‘ಇದ್ದ ಸ್ಥಿತಿಯಲ್ಲೇ’ ಎಂಬ ಮಾತಿನ ಮರೆಯಲ್ಲಿ ನಿಲ್ಲಲು ಕಾನೂನೂ ಬಿಡುವುದಿಲ್ಲ. ವರ್ಣನೆಯ ಮೇಲೆ ಮಾರಿದ ಸರಕು ವರ್ಣನೆಗೆ ಹೊಂದಿರಬೇಕೆಂದು 1930ರ ಸರಕು ಮಾರಾಟ ಕಾಯಿದೆ ಹೇಳುತ್ತದೆ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು, ದೋಷಯುಕ್ತವಾದ, ನಕಲಿಯಾದ ಅಥವಾ ವರ್ಣನೆಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯಲು ಮಾರುವವನು ನಿರಾಕರಿಸಕೂಡದೆಂದು ವಿಧಿಸಿವೆ. ಆದರೆ ವೃತ್ತಿಯಾಗಿ ಅಲ್ಲದೆ, ಸ್ವಂತದ ವಸ್ತುವನ್ನು ಎಂದೋ ಒಮ್ಮೆ ಮಾರುವ ವ್ಯಕ್ತಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಅಣುವ್ರತದಲ್ಲಿ ಆ ವಿನಾಯಿತಿಯಿಲ್ಲ.

ಡಯಲಿನ ವಿಷಯ ಇನ್ನೂ ಬಿಗಿಯಾದದ್ದು. ಮಾಸಿದ ಡಯಲಿಗೆ ಹೊಸ ಬಣ್ಣ ಬಳಿದು, ಹೊಸದಾಗಿ ಅಕ್ಷರ ಅಚ್ಚೊತ್ತಿ ಮೂಲದ್ದೆಂದು ಮಾರುವುದು ಈ ಪೇಟೆಯಲ್ಲಿ ಸಾಮಾನ್ಯ. ಮೂರು ಗಡಿಯಾರಗಳ ಭಾಗಗಳನ್ನು ಒಂದು ಕೇಸಿನಲ್ಲಿ ಕೂಡಿಸಿ ‘ಕಾರ್ಖಾನೆಯಿಂದ ಬಂದಂತೆಯೇ ಇದೆ’ ಎನ್ನುವುದೂ ಉಂಟು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸಮಂತಭದ್ರರು ಸದೃಶಸನ್ಮಿಶ್ರವನ್ನು, ತತ್ತ್ವಾರ್ಥಸೂತ್ರಕಾರರು ಪ್ರತಿರೂಪಕ ವ್ಯವಹಾರವನ್ನು ಹೇಳಿದ್ದಾರೆ: ಒಂದರಂತೆ ಕಾಣುವ ಇನ್ನೊಂದನ್ನು ಬೆರೆಸಿ ಮಾರುವುದು. ಇದನ್ನು ಸುಳ್ಳಿನ ಪಟ್ಟಿಯಲ್ಲಿಡದೆ ಕಳವಿನ ಪಟ್ಟಿಯಲ್ಲಿಟ್ಟಿರುವುದು ಆಚಾರ್ಯರ ವ್ಯವಹಾರಜ್ಞಾನವನ್ನು ತೋರಿಸುತ್ತದೆ. ಹಾಗಿದ್ದ ಮೇಲೆ ಇಂಥ ಡಯಲಿನ ಹಣವನ್ನು ಹಿಂದಿರುಗಿಸುವುದನ್ನು ಔದಾರ್ಯವೆಂದು ಕರೆಯುವುದು ಸರಿಯಲ್ಲ. ಹಣ ಮೊದಲಿನಿಂದಲೂ ಅವನದೇ. ಹೊಸದಾಗಿ ಬಣ್ಣ ಬಳಿದದ್ದು ಎಂದು ಬರೆದೇ ಮಾರಿದ್ದರೆ ಮಾತು ಬೇರೆ. ಕೊಂಡವನಿಗೆ ಮನಸ್ಸು ಬದಲಾದ ಮಾತ್ರಕ್ಕೆ ಅದನ್ನು ಹಿಂದಕ್ಕೆ ಪಡೆಯಬೇಕೆಂದು ವ್ರತವೇನೂ ಬೇಡುವುದಿಲ್ಲ.

ಇನ್ನು ಸತ್ಯಘೋಷ. ಸಿಂಹಪುರದ ಪುರೋಹಿತ ಶ್ರೀಭೂತಿ, ತಾನು ಸುಳ್ಳಾಡಿದರೆ ನಾಲಗೆಯನ್ನು ಕತ್ತರಿಸಿಕೊಳ್ಳುವೆನೆಂದು ಯಜ್ಞೋಪವೀತಕ್ಕೆ ಕತ್ತಿಯೊಂದನ್ನು ಕಟ್ಟಿಕೊಂಡು ಆ ಬಿರುದನ್ನು ಸಂಪಾದಿಸಿದವನು. ಅಂತರಜಾಲದ ಪೇಟೆಯಲ್ಲಿ ಮಾರುವವನ ಹೆಸರಿನ ಪಕ್ಕದ ನಕ್ಷತ್ರಗಳನ್ನು ಕಂಡಾಗ ಈ ಕತ್ತಿ ನೆನಪಾಗದಿರದು. ಸಮುದ್ರದತ್ತನೆಂಬ ವರ್ತಕ ಐದು ಮಾಣಿಕ್ಯಗಳನ್ನು ಅವನಲ್ಲಿಟ್ಟು ಕಡಲಾಚೆ ಹೋಗಿ, ಹಡಗು ಒಡೆದು, ಹಲಗೆಯೊಂದನ್ನು ಹಿಡಿದು ಈಜಿ, ದರಿದ್ರನಂತೆ ಮರಳಿ ಬರುತ್ತಾನೆ. ಅವನು ದೂರದಲ್ಲಿ ಕಾಣಿಸಿದೊಡನೆಯೇ ಸತ್ಯಘೋಷ ಮಾಡಿದ್ದೇನು? ಬಳಿಯಲ್ಲಿ ಕುಳಿತಿದ್ದವರಿಗೆ, ಹಡಗು ಒಡೆದು ಈತನಿಗೆ ಬುದ್ಧಿ ಕೆಟ್ಟಿದೆ, ಬಂದು ಮಾಣಿಕ್ಯ ಕೇಳುತ್ತಾನೆ ನೋಡಿ ಎಂದು ಮೊದಲೇ ಹೇಳಿಟ್ಟ. ದೂರು ಬರುವ ಮುನ್ನವೇ ದೂರುವವನ ಮಾತಿನ ಬೆಲೆಯನ್ನು ಕಳೆದುಬಿಟ್ಟ. ಬಿಡಿಭಾಗ ಮಾರುವವರು ತಮ್ಮತಮ್ಮಲ್ಲಿ ಆಡುವ ‘ವಾಪಸು ಕೇಳುವವರೆಲ್ಲ ಮೋಸಗಾರರು’ ಎಂಬ ಮಾತು ಇದೇ ಜಾತಿಯದು. ಅದರಲ್ಲಿ ಸ್ವಲ್ಪ ನಿಜವಿದೆಯೆಂಬುದೇ ಅದನ್ನು ಹೆಚ್ಚು ಅಪಾಯಕರವಾಗಿಸುತ್ತದೆ.

ಸಮುದ್ರದತ್ತ ಅರಮನೆಯ ಬಳಿಯ ಹುಣಸೆಮರವನ್ನೇರಿ ಪ್ರತಿದಿನ ರಾತ್ರಿಯ ಕಡೆಯ ಜಾವದಲ್ಲಿ ಆರು ತಿಂಗಳು ಕೂಗಿದ. ಇವನು ಹುಚ್ಚನಲ್ಲವೆಂದು ರಾಣಿ ರಾಮದತ್ತೆ ಹೇಳಿದಾಗ, ಸತ್ಯಘೋಷನಲ್ಲಿ ಕಳವನ್ನು ಶಂಕಿಸುವುದುಂಟೇ ಎಂಬುದು ರಾಜನ ಮರುಪ್ರಶ್ನೆ. ಬಿರುದಿನ ಬಲ ಅಂಥದ್ದು. ರಾಣಿ ಜೂಜಿನ ನೆಪದಿಂದ ಪುರೋಹಿತನ ಉಂಗುರವನ್ನೂ ಕತ್ತಿಯನ್ನೂ ಗೆದ್ದು, ಅವನ್ನು ಗುರುತಾಗಿ ತೋರಿಸಿ ಅವನ ಹೆಂಡತಿಯಿಂದ ಮಾಣಿಕ್ಯಗಳನ್ನು ತರಿಸಿದಳು. ಈ ಉಪಾಯದಲ್ಲಿಯೂ ಒಂದು ಕಪಟವಿದೆ. ಸತ್ಯವ್ರತದ ಕಥೆಯಲ್ಲಿ ಅದರ ಬಗ್ಗೆ ಟೀಕಾಕಾರರು ಒಂದು ಮಾತನ್ನೂ ಆಡದಿರುವುದು ಕಥೆಯ ಕೊರತೆಯೆಂದೇ ನನ್ನ ಅಭಿಪ್ರಾಯ.

ಅಲ್ಲಿಗೆ ನ್ಯಾಯ ಮುಗಿಯಲಿಲ್ಲ. ರಾಜನು ಆ ಐದನ್ನು ತನ್ನ ಅನೇಕ ಮಾಣಿಕ್ಯಗಳ ನಡುವೆ ಬೆರೆಸಿ, ನಿನ್ನವನ್ನು ಗುರುತಿಸಿ ತೆಗೆದುಕೊ ಎಂದ. ಸಮುದ್ರದತ್ತ ತನ್ನವನ್ನು ಮಾತ್ರ ತೆಗೆದುಕೊಂಡ. ಅನ್ಯಾಯಕ್ಕೊಳಗಾದವನನ್ನೂ ಪರೀಕ್ಷಿಸುವ ಈ ಘಟ್ಟ ಇಡೀ ಕಥೆಯ ಅತ್ಯಂತ ಪ್ರೌಢವಾದ ಭಾಗ. ಸತ್ಯಘೋಷ ಅನುಭವಿಸಿದ ಶಿಕ್ಷೆಗಳನ್ನು ಸವಿಸ್ತಾರವಾಗಿ ವರ್ಣಿಸುವ ನಮ್ಮ ಉಪನ್ಯಾಸಕರು ಇದನ್ನು ಓಡಿಸಿಬಿಡುತ್ತಾರೆ. ಇಂದು ಒಳ್ಳೆಯ ಯಂತ್ರವನ್ನು ತರಿಸಿಕೊಂಡು, ತನ್ನ ಕೆಟ್ಟ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ಹಿಂದಿರುಗಿಸುವ ಗ್ರಾಹಕರೂ ಇದ್ದಾರೆ. ಪ್ರತಿರೂಪಕ ವ್ಯವಹಾರ ಮಾರುವವನೊಬ್ಬನ ಸೊತ್ತಲ್ಲ. ಆದರೆ ಅದಕ್ಕೆ ಪರಿಹಾರ ಬಾಗಿಲು ಮುಚ್ಚುವುದಲ್ಲ, ಗುರುತು ಹಿಡಿಯುವ ವ್ಯವಸ್ಥೆ. ಕಳುಹಿಸುವ ಮುನ್ನ ಯಂತ್ರದ ಎರಡು ಬದಿಗಳ ಗೀರು, ಕಲೆ, ತಿರುಪುಗಳ ಸ್ಥಿತಿ ಕಾಣುವಂತೆ ಚಿತ್ರ ತೆಗೆದಿಟ್ಟರೆ, ಬಂದದ್ದು ಹೋದದ್ದೇ ಹೌದೋ ಅಲ್ಲವೋ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಪೊಟ್ಟಣ ಬಿಚ್ಚುವಾಗ ವಿಡಿಯೋ ತೆಗೆಯದಿದ್ದರೆ ದೂರು ಕೇಳುವುದಿಲ್ಲವೆಂದು ಕೆಲವರು ಷರತ್ತು ಹಾಕುತ್ತಾರೆ. ತಾನು ಪೊಟ್ಟಣ ಕಟ್ಟುವಾಗ ತೆಗೆದ ವಿಡಿಯೋ ಇಲ್ಲದವನಿಗೆ ಆ ಷರತ್ತು ಹಾಕುವ ಅಧಿಕಾರವೆಲ್ಲಿಯದು? ಸಾಕ್ಷಿಯಿಲ್ಲದ ವ್ಯವಹಾರದ ಬಲವನ್ನು ಜಿನದೇವ ಬಳಸಿಕೊಂಡದ್ದು ಹೀಗೆಯೇ, ಒಂದೇ ಕಡೆಗೆ.

ಹಿಂದಿರುಗಿ ಬಂದ ಭಾಗ ಮಾರಿದವನ ಕೈ ಸೇರಿ, ಹಣವಿನ್ನೂ ಹೋಗದ ಆ ಕೆಲವು ದಿನಗಳ ಬಗ್ಗೆಯೂ ಒಂದು ಮಾತು. ಆಗ ಸರಕೂ ಹಣವೂ ಒಬ್ಬನಲ್ಲೇ ಇರುತ್ತವೆ. ಆ ಹಣ ನ್ಯಾಸಕ್ಕೆ ಸಮಾನ. ನ್ಯಾಸಾಪಹಾರವನ್ನು ವಿವರಿಸುವಾಗ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ಸಂದರ್ಭ ಸೂಕ್ಷ್ಮವಾದದ್ದು: ಇಟ್ಟವನು ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ, ಇಟ್ಟುಕೊಂಡವನು ಹೌದೆಂದು ಅಷ್ಟನ್ನೇ ಕೊಡುತ್ತಾನೆ. ದೋಷ ತನ್ನದೇ ಆಗಿದ್ದಾಗ ಕೊಂಡವನು ಅಂಚೆವೆಚ್ಚವನ್ನು ಕೇಳಲು ಮರೆತನೆಂದು ಸುಮ್ಮನಿರುವ ವ್ಯಾಪಾರಿ ಈ ವಿವರಣೆಯನ್ನು ಒಮ್ಮೆ ಓದಬೇಕು.

ನಮ್ಮ ಬಸದಿಗಳ ಟ್ರಸ್ಟುಗಳಿಗೂ ಈ ಪ್ರಶ್ನೆ ದೂರದ್ದಲ್ಲ. ಹಳೆಯ ಜನರೇಟರು, ಪಂಪ್‌ಸೆಟ್ಟು, ಫ್ಯಾನುಗಳನ್ನು ಮಾರುವಾಗ ರಸೀದಿಯ ಮೇಲೆ ‘ಇದ್ದ ಸ್ಥಿತಿಯಲ್ಲಿ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದುಂಟು. ಶ್ರಾವಕನ ಲಕ್ಷಣಗಳನ್ನು ಎಣಿಸುವಾಗ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ನ್ಯಾಯದಿಂದ ಬಂದ ಧನವನ್ನು ಮೊದಲಿಗೇ ಇಟ್ಟಿದ್ದಾರೆ. ಜನರೇಟರು ಯಾವಾಗ ದುರಸ್ತಿಯಾಯಿತು, ಯಾವ ಭಾಗ ಬದಲಾಯಿತು, ಏಕೆ ಮಾರುತ್ತಿದ್ದೇವೆ ಎಂಬ ವಿವರ ಟ್ರಸ್ಟಿನ ಲೆಕ್ಕಪುಸ್ತಕದಲ್ಲೇ ಇರುತ್ತದೆ. ಅದನ್ನು ರಸೀದಿಗೆ ಇಳಿಸಲು ಅರ್ಧ ಪುಟ ಸಾಕು. ಹಿಂದಿರುಗಿಸಲು ಯಾರಾದರೂ ಬಂದರೆ, ಮಾರಾಟ ಮಾಡಿದ ಪದಾಧಿಕಾರಿಯೇ ಆ ದೂರನ್ನು ಕೇಳಿ ತೀರ್ಮಾನಿಸುವುದು ಬೇಡ, ಮತ್ತೊಬ್ಬರು ಕೇಳಲಿ. ಸಿಂಹಪುರದಲ್ಲಿಯೂ ಹುಣಸೆಮರದ ಮೇಲಿನ ಕೂಗನ್ನು ಆರು ತಿಂಗಳ ಅನಂತರವಾದರೂ ಕಿವಿಗೊಟ್ಟು ಕೇಳಿದವಳು ರಾಮದತ್ತೆ.