ತಗಡು ಕೊಯ್ಯದೆ ಹಾಡು ಕೂರಿಸುವ ಕಸುಬು

ಹಳೆಯ ಕಾರೊಂದನ್ನು ಮತ್ತೆ ರಸ್ತೆಗಿಳಿಸುವವರು ಎಂಜಿನ್ ಕೆಲಸಕ್ಕೆ, ಟಿಂಕರಿಂಗ್‌ಗೆ, ಪೇಂಟಿಂಗ್‌ಗೆ ತಿಂಗಳುಗಟ್ಟಲೆ ಕಾಯುತ್ತಾರೆ. ಒಂದು ಕ್ರೋಮಿಯಂ ಪಟ್ಟಿಗಾಗಿ ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಬಿಡಿಭಾಗದ ಅಂಗಡಿಗಳನ್ನೆಲ್ಲ ಜಾಲಾಡುತ್ತಾರೆ. ಸ್ಟೀರಿಯೊ ಹಾಕಿಸುವ ಸರದಿ ಬಂದಾಗ ಮಾತ್ರ ಅದೇ ಜನ ಕಾರನ್ನು ಹತ್ತಿರದ ಕಾರ್ ಡೆಕೊರ್ಸ್ ಅಂಗಡಿಗೆ ಒಪ್ಪಿಸಿ, ಸಂಜೆ ಬಂದು ಕೀಲಿ ಇಸಿದುಕೊಂಡು ಹೋಗುತ್ತಾರೆ. ಅಷ್ಟರೊಳಗೆ ಹಿಂದಿನ ಗಾಜಿನ ಕೆಳಗಿನ ತಗಡಿನಲ್ಲಿ ಎರಡು ಅಂಡಾಕಾರದ ತೂತು ಬಿದ್ದಿರುತ್ತವೆ, ಡ್ಯಾಶ್‌ಬೋರ್ಡಿನ ಬಾಯಿ ಅಗಲವಾಗಿರುತ್ತದೆ, ದಶಕಗಳಷ್ಟು ಹಳೆಯ ವೈರಿಂಗ್ ಮೇಲೆ ಹೊಸದೊಂದು ಹೊರೆ ಬಿದ್ದಿರುತ್ತದೆ. ಕಾರಿನಲ್ಲಿ ಹಾಡು ಬೇಕೆನ್ನುವುದು ತಪ್ಪಲ್ಲ. ಹಾಡಿಗಾಗಿ ಕಾರನ್ನು ಕೊಯ್ಯುವುದು ತಪ್ಪು.

ಈ ಕಸುಬಿನ ಗಟ್ಟಿ ಜೊಳ್ಳು ತಿಳಿಯಬೇಕಾದರೆ ಹೈದರಾಬಾದಿನ ಮಿಯಾಪುರದ ರಸ್ತೆಯೇ ಸಾಕು. ಸೊಲ್ಲಾಪುರ, ಹುಮನಾಬಾದ್, ಜಹೀರಾಬಾದ್ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 65 ಇಲ್ಲಿ ನಗರದ ದಟ್ಟಣೆಗೆ ಸೇರಿಕೊಳ್ಳುತ್ತದೆ. ಬೀದರ್ ಕಡೆಯ ಬಸ್ಸುಗಳಿಗೂ ಇದೇ ದಾರಿ. 2017ರ ನವೆಂಬರ್ 28ರಂದು ಮಿಯಾಪುರದಲ್ಲೇ ಉದ್ಘಾಟನೆಯಾದ ಮೆಟ್ರೊದ ಕಾಂಕ್ರೀಟ್ ಸೇತುವೆ ಇಲ್ಲಿಂದ ಕೂಕಟ್‌ಪಲ್ಲಿ ಕಡೆಗೆ ರಸ್ತೆಯ ನೆತ್ತಿಯ ಮೇಲೇ ಸಾಗುತ್ತದೆ. ಆಲ್ವಿನ್ ಕ್ರಾಸ್‌ರೋಡ್ಸ್‌ನಲ್ಲಿ ವಾಹನಗಳ ಸಾಲು, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ಹಳೆಯ ಕಾರಿನ ಕರೆಂಟು, ಕಾಗದದ ಸ್ಪೀಕರು, ಮೀಡಿಯಂ ವೇವ್ ರೇಡಿಯೊ ಮೂರಕ್ಕೂ ಇಲ್ಲಿ ದಿನನಿತ್ಯ ಪರೀಕ್ಷೆ ನಡೆಯುತ್ತದೆ.

ಮೊದಲು 'ಒರಿಜಿನಲ್' ಎಂಬ ವಾದವನ್ನು ನೋಡೋಣ. ಹಳೆಯ ಕಾರಿನಲ್ಲಿ ಹೊಸ ಸ್ಟೀರಿಯೊ ಹಾಕಲೇಬಾರದು ಎನ್ನುವವರು ಕಾರ್ಖಾನೆಯಿಂದ ಬಂದ ಸ್ಥಿತಿಯನ್ನೇ ಪ್ರಮಾಣವಾಗಿಟ್ಟುಕೊಳ್ಳುತ್ತಾರೆ. ನಮ್ಮ ದೇಶದ ಕಾರುಗಳಿಗೆ ಈ ಅಳತೆ ಸರಿಯಾಗಿ ಕೂರುವುದಿಲ್ಲ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ 1964ರಿಂದ ತಯಾರಿಸಿದ, 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆದ 1089 ಸಿಸಿಯ ಫಿಯೆಟ್ ಆಗಲಿ, ಉತ್ತರಪಾರಾದಿಂದ 2014ರವರೆಗೂ ಬಂದ ಅಂಬಾಸಿಡರ್ ಆಗಲಿ ಬಹುಪಾಲು ರೇಡಿಯೊ ಇಲ್ಲದೆಯೇ ಮಾರಾಟವಾದವು. ಕೊಂಡವರು ಆಮೇಲೆ ತಮ್ಮ ಶಕ್ತಿಗೆ ತಕ್ಕಂತೆ ಒಂದು ಸೆಟ್ ಹಾಕಿಸಿಕೊಂಡರು. 1980ರ ದಶಕದ ಮಧ್ಯದವರೆಗೂ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ಹೀಗಿರುವಾಗ 'ಒರಿಜಿನಲ್' ಪದ್ಮಿನಿ ಎಂದರೆ ಹೆಚ್ಚಿನ ಪಾಲು ಹಾಡಿಲ್ಲದ ಪದ್ಮಿನಿಯೇ. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿರುವ ನಿಜಾಮರ 1912ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಇನ್ನೊಂದು ತುದಿಯ ಉದಾಹರಣೆ. ಮಾರುಕಟ್ಟೆಯಲ್ಲಿ ಗೆದ್ದ ಮೊದಲ ಕಾರ್ ರೇಡಿಯೊ, ಮೋಟೊರೋಲಾದ 5ಟಿ71, ಬಂದದ್ದು 1930ರಲ್ಲಿ. ಸಿಲ್ವರ್ ಘೋಸ್ಟ್‌ನಂಥ ಕಾರಿನಲ್ಲಿ ಸ್ಪೀಕರ್‌ಗೆ ಯಾವ ಜಾಗವೂ ಇಲ್ಲ, ಇರಲೂಬಾರದು. ಪದ್ಮಿನಿಯ ವಿಚಾರ ಬೇರೆ. ಅದು ಜನ ಬಳಸಿದ ಕಾರು, ಬಳಸುತ್ತ ಬದಲಿಸಿಕೊಂಡ ಕಾರು.

ಕ್ಯಾಸೆಟ್ಟಿನ ಮಾತೂ ಇಲ್ಲೇ ಬರುತ್ತದೆ. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಆಗಿ ಬಂದದ್ದು 1978ರಲ್ಲಿ. ಪದ್ಮಿನಿಯ ಏರುಗಾಲವೂ ಕ್ಯಾಸೆಟ್ಟಿನ ಏರುಗಾಲವೂ ಒಂದೇ. ಆದ್ದರಿಂದ 1980ರ ದಶಕದ ಪದ್ಮಿನಿಯಲ್ಲಿ ಡ್ಯಾಶ್ ಕೆಳಗೆ ನೇತುಹಾಕಿದ ಕ್ಯಾಸೆಟ್ ಡೆಕ್ ಕಂಡರೆ ಅದನ್ನು ಕಿತ್ತೆಸೆಯುವುದು ಅವಿವೇಕ. ಅದು ಆ ಕಾರಿನ ಬದುಕಿನ ದಾಖಲೆ. ಹೊಸ ಸೆಟ್ ಹಾಕಿಸುವವರು ಹಳೆಯ ಡೆಕ್ಕನ್ನೂ ಅದರ ಪಟ್ಟಿ-ಸ್ಕ್ರೂಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿ ಕಾರಿನ ಜೊತೆಗೇ ಇಟ್ಟುಕೊಳ್ಳಬೇಕು.

ಈಗ ಚಾಲ್ತಿಯಲ್ಲಿರುವ ಮೂರು ಪದ್ಧತಿಗಳನ್ನು ಒಂದೊಂದಾಗಿ ತೂಗಬಹುದು. ಮೊದಲನೆಯದು ಡಿಕ್ಕಿ ತುಂಬ ವೂಫರ್ ಹಾಕುವ ಪದ್ಧತಿ. ಹಿಂದೆ ಎರಡು ಆರು-ಒಂಬತ್ತು ಇಂಚಿನ ಸ್ಪೀಕರ್, ಡಿಕ್ಕಿಯಲ್ಲಿ ಪೆಟ್ಟಿಗೆ, ಸೀಟಿನ ಕೆಳಗೆ ಆಂಪ್ಲಿಫೈಯರ್. ಅಂಗಡಿಯಲ್ಲಿ ಕೇಳುವಾಗ ಎದೆ ನಡುಗುವಂತಿರುವ ಈ ವ್ಯವಸ್ಥೆ ಹಳೆಯ ಕಾರಿನ ಕರೆಂಟಿನ ಲೆಕ್ಕದಲ್ಲಿ ಮೊದಲ ದಿನವೇ ಸೋಲುತ್ತದೆ.

ಆ ಲೆಕ್ಕ ಹೀಗಿದೆ. ಅಂಬಾಸಿಡರ್‌ನ ಮೂಲವಾದ ಮಾರಿಸ್ ಬಳಗದ ಅನೇಕ ಕಾರುಗಳಲ್ಲಿದ್ದ ಲೂಕಾಸ್ ಸಿ-40 ಡೈನಮೊ ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತದೆ, ಅಂದರೆ ಸುಮಾರು 300 ವಾಟ್. ರಾತ್ರಿ ಹೆಡ್‌ಲೈಟು ಮತ್ತು ಹಿಂದಿನ ದೀಪಗಳಿಗೆ ಅದರಲ್ಲಿ ಸುಮಾರು 10 ಆಂಪಿಯರ್ ಹೋಗುತ್ತದೆ, ಇಗ್ನಿಷನ್ ಕಾಯಿಲ್‌ಗೆ ಮೂರು-ನಾಲ್ಕು, ಮಳೆ ಬಂದರೆ ವೈಪರಿಗೆ ಇನ್ನೊಂದಿಷ್ಟು. ಹಾಡಿಗೆ ಉಳಿಯುವುದು ಐದಾರು ಆಂಪಿಯರ್. ನಾಲ್ಕು ಚಾನೆಲ್‌ಗೆ ತಲಾ 50 ವಾಟ್ ನಿಜವಾಗಿ ಕೊಡುವ ಹಳೆಯ ಮಾದರಿಯ ಎಬಿ ದರ್ಜೆಯ ಆಂಪ್ಲಿಫೈಯರ್ ಪೂರ್ಣ ಜೋರಿನಲ್ಲಿ ಒಂದೇ 25 ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ಹಾಡು ಸದಾ ಪೂರ್ಣ ಜೋರಿನಲ್ಲಿ ಇರುವುದಿಲ್ಲ, ನಿಜ. ಆದರೆ ಡೈನಮೊ ಕೂಡ ಸದಾ 22 ಆಂಪಿಯರ್ ಕೊಡುವುದಿಲ್ಲ. ಐಡ್ಲಿಂಗ್‌ನಲ್ಲಿ ಅದು ಕೊಡುವುದು ಹತ್ತಿರಹತ್ತಿರ ಸೊನ್ನೆ. ಮಿಯಾಪುರದ ಸಿಗ್ನಲ್‌ನಲ್ಲಿ ಡ್ಯಾಶ್ ಮೇಲಿನ ಕೆಂಪು ದೀಪ ಹೊತ್ತಿಕೊಂಡಿತೆಂದರೆ ಹಾಡು, ಹೆಡ್‌ಲೈಟು, ಇಗ್ನಿಷನ್ ಮೂರೂ ಬ್ಯಾಟರಿಯನ್ನೇ ಹೀರುತ್ತಿವೆ ಎಂದರ್ಥ.

ಡಬ್ಬಿಯ ಮೇಲಿನ ಅಂಕಿಗಳನ್ನೂ ನಂಬಬಾರದು. '4×50 ವಾಟ್' ಎಂದು ಬರೆದ ಸಾಮಾನ್ಯ ಸೆಟ್ಟಿನ ಹಿಂದೆ 10 ಆಂಪಿಯರ್ ಫ್ಯೂಸ್ ಇರುತ್ತದೆ. ಅದನ್ನು 14.4 ವೋಲ್ಟ್‌ನಿಂದ ಗುಣಿಸಿದರೆ 144 ವಾಟ್. ಅದರಲ್ಲೂ ಒಂದು ಪಾಲು ಶಾಖವಾಗಿ ಹೋಗುತ್ತದೆ. ಚಾನೆಲ್‌ಗೆ ನಿಜವಾಗಿ ಸಿಗುವುದು 20 ವಾಟ್ ಆಸುಪಾಸು. ಪದ್ಮಿನಿಯಂಥ ಚಿಕ್ಕ ಕ್ಯಾಬಿನ್‌ಗೆ ಅಷ್ಟು ಧಾರಾಳ ಸಾಕು ಎಂಬುದನ್ನು ಅಂಗಡಿಯವರು ಗಿರಾಕಿಗೆ ಹೇಳಬೇಕು, ಹೇಳುವುದಿಲ್ಲ.

ಈ ಮೊದಲ ಪದ್ಧತಿಯ ನಿಜವಾದ ಗಾಯ ಕಾಣಬೇಕಾದರೆ ಹತ್ತು ವರ್ಷ ಹಿಂದೆ ಸ್ಪೀಕರ್ ಹಾಕಿಸಿಕೊಂಡ ಹಳೆಯ ಕಾರೊಂದರ ಹಿಂದಿನ ರೆಕ್ಸಿನ್ ಹಲಗೆಯನ್ನು ಎತ್ತಿ ನೋಡಬೇಕು. ಕೊಯ್ದ ತಗಡಿನ ಅಂಚು ಹಲ್ಲುಹಲ್ಲಾಗಿರುತ್ತದೆ. ಅಂಚಿಗೆ ಪ್ರೈಮರ್ ಬಳಿಯದೆ ಬಿಟ್ಟ ಕಾರಣ ಅಲ್ಲಿಂದಲೇ ತುಕ್ಕು ಎದ್ದು, ಪೇಂಟಿನ ಕೆಳಗೆ ಹರಡಿ ಗುಳ್ಳೆ ಎಬ್ಬಿಸಿರುತ್ತದೆ. ವೈರಿನ ಜೋಡಣೆಗೆ ಸುತ್ತಿದ ಕಪ್ಪು ಟೇಪು ಬಿಸಿಲಿಗೆ ಕರಗಿ ಅಂಟಂಟಾಗಿ ಜಾರಿರುತ್ತದೆ. ಇಳಿಜಾರು ಗಾಜಿನ ಕೆಳಗೆ ಬೇಸಿಗೆ ಕಳೆದ ಸ್ಪೀಕರಿನ ಫೋಮ್ ಅಂಚು ಮುಟ್ಟಿದರೆ ಪುಡಿಯಾಗುತ್ತದೆ. ಫಿಯೆಟ್ 1100ಕ್ಕೆ ಬೇರೆ ಚಾಸಿಸ್ ಇಲ್ಲ. ಅದರ ಬಾಡಿಯೇ ಭಾರ ಹೊರುತ್ತದೆ. ಅಂಥ ಕಾರಿನ ಬಾಡಿಯಿಂದ ತಗಡು ಕತ್ತರಿಸಿ ತೆಗೆದರೆ ಮರಳಿ ತುಂಬುವುದಕ್ಕೆ ವೆಲ್ಡಿಂಗ್, ಪುಟ್ಟಿ, ಪೇಂಟ್ ಎಲ್ಲ ಬೇಕು. ಸ್ಪೀಕರ್ ಹಾಕಿಸಿದ ಖರ್ಚಿಗಿಂತ ಆ ತೂತು ಮುಚ್ಚಿಸುವ ಖರ್ಚೇ ಹೆಚ್ಚಾಗುತ್ತದೆ.

ಎರಡನೆಯದು ಮೌನದ ಪದ್ಧತಿ. ಹಳೆಯ ಫಿಲಿಪ್ಸ್ ಅಥವಾ ಮರ್ಫಿ ಸೆಟ್ಟನ್ನು ತಿಕ್ಕಿ ಹೊಳಪು ಕೊಟ್ಟು ಡ್ಯಾಶ್‌ನಲ್ಲಿ ಕೂರಿಸುತ್ತಾರೆ, ಅದು ಹಾಡುವುದಿಲ್ಲ. ನೋಡಲು ಇದಕ್ಕಿಂತ ಚೆಂದ ಬೇರಿಲ್ಲ. ರಿಪೇರಿ ಮಾಡಿಸಿದರೂ ಅದಕ್ಕೆ ಸಿಗುವುದು ಮೀಡಿಯಂ ವೇವ್ ಮಾತ್ರ. ಹೈದರಾಬಾದ್ ಆಕಾಶವಾಣಿ 738 ಕಿಲೋಹರ್ಟ್ಸ್‌ನಲ್ಲಿದೆ. ಬೆಂಗಳೂರಿನದು 612, ಧಾರವಾಡದ್ದು 765. ಮೆಟ್ರೊ ಸೇತುವೆಯ ಕೆಳಗೆ ಮೀಡಿಯಂ ವೇವ್ ಸೊರಗುತ್ತದೆ, ಅದರ ಮೇಲಿನ 25 ಕಿಲೋವೋಲ್ಟ್ ತಂತಿಯ ಗದ್ದಲವೂ ಸೇರಿಕೊಳ್ಳುತ್ತದೆ. ಎಫ್‌ಎಂ ಹಿಡಿಯದ ಸೆಟ್ಟಿಗೆ ಸಿಗರೇಟ್ ಲೈಟರ್ ಸಾಕೆಟ್ಟಿನ ಎಫ್‌ಎಂ ಮಾಡ್ಯುಲೇಟರಿನಿಂದಲೂ ಉಪಯೋಗವಿಲ್ಲ. ವಸ್ತುಸಂಗ್ರಹಾಲಯದ ಕಾರಿಗೆ ಈ ಮೌನ ಒಪ್ಪುತ್ತದೆ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಕಾರುಗಳನ್ನು ನೋಡಲು ಹೋದವರು ಅವುಗಳಿಂದ ಹಾಡನ್ನು ಬಯಸುವುದಿಲ್ಲ. ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬೀದರಿಗೆ ಹೋಗಿಬರುವ ಕಾರಿಗೆ ಅದೇ ನಿಯಮ ಹೇರುವುದು ಅತಿಯಾಯಿತು.

ಮೂರನೆಯದು ಮರೆಯಲ್ಲಿಡುವ ಪದ್ಧತಿ. ಒಳ್ಳೆಯ ಕೆಲಸವೆಲ್ಲ ನಡೆಯುತ್ತಿರುವುದು ಇಲ್ಲೇ. ಡ್ಯಾಶ್‌ನ ಹಳೆಯ ಸೆಟ್ ಇದ್ದಲ್ಲೇ ಇರುತ್ತದೆ. ಬ್ಲೂಟೂತ್ ಇರುವ ಚಿಕ್ಕ ಡಿ ದರ್ಜೆಯ ಆಂಪ್ಲಿಫೈಯರ್ ಗ್ಲೌ ಬಾಕ್ಸ್ ಹಿಂದೆಯೋ ಸೀಟಿನ ಕೆಳಗೋ ಕೂರುತ್ತದೆ. ಅದೇ ಜೋರಿಗೆ ಎಬಿ ದರ್ಜೆಯದಕ್ಕಿಂತ ಬಹಳ ಕಡಿಮೆ ಕರೆಂಟು ಸಾಕು. ಸ್ಪೀಕರುಗಳು ಕಾಲಿನ ಪಕ್ಕದ ಪ್ಯಾನೆಲ್‌ಗೆ ಆನಿಸಿದ ಮರದ ಪೆಟ್ಟಿಗೆಯಲ್ಲಿ ಇರುತ್ತವೆ. ಇನ್ನೂ ಸೂಕ್ಷ್ಮವಾದ ದಾರಿಯೆಂದರೆ ಹಳೆಯ ಸೆಟ್ಟಿನ ಮುಖ, ತಿರುಗುಗುಂಡಿಗಳನ್ನು ಉಳಿಸಿಕೊಂಡು ಒಳಗಿನ ಬೋರ್ಡನ್ನು ಮಾತ್ರ ಬದಲಿಸುವುದು. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಇದಕ್ಕೆ ಬೇಕಾದ ಬಿಡಿ ಸಾಮಾನು ಸಿಗುತ್ತವೆ, ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ. ವಿದೇಶದ ದೊಡ್ಡ ಕಂಪನಿಗಳೂ ಇದೇ ಹಾದಿ ಹಿಡಿದಿವೆ. ಬ್ಲೌಪುಂಕ್ಟ್ ತನ್ನ 1980ರ ದಶಕದ ಬ್ರೆಮೆನ್ ಸೆಟ್ಟಿನ ಮುಖವನ್ನು ಬ್ಲೂಟೂತ್ ಸಹಿತ ಮತ್ತೆ ತಂದಿತು. ಪೋರ್ಶೆ 2020ರಲ್ಲಿ ತನ್ನ ಹಳೆಯ 911 ಕಾರುಗಳಿಗೆ ಆ ಕಾಲದ ಚಹರೆಯ ಹೊಸ ಸೆಟ್ ಕೊಟ್ಟಿತು. ಆದರೆ ಇಂಥವು 180×50 ಮಿಲಿಮೀಟರ್ ಕಿಂಡಿಗೆ ಮಾಡಿದವು. ಎರಡು ದಂಡದ ಗುಂಡಿಗಳ ಕಾಲದ ಡ್ಯಾಶ್‌ಗೆ ಇವನ್ನು ತುರುಕಲು ಹೊರಟರೆ ಮತ್ತೆ ಗರಗಸ ಕೈಗೆ ಬರುತ್ತದೆ. ನಮ್ಮ ಕಾರುಗಳಿಗೆ ಗ್ಲೌ ಬಾಕ್ಸ್ ದಾರಿಯೇ ಮೇಲು.

ಈ ಮೂರನೆಯ ಪದ್ಧತಿ ನಿಲ್ಲುವುದೂ ಬೀಳುವುದೂ ಎಲೆಕ್ಟ್ರೀಷಿಯನ್ ಕೈಯಲ್ಲಿ. ಹಳೆಯ ಸೆಟ್ಟುಗಳಲ್ಲಿ ಸ್ಪೀಕರಿನ ಒಂದು ವೈರನ್ನು ಬಾಡಿಗೆ ಅರ್ಥ್ ಮಾಡುತ್ತಿದ್ದರು. ಇಂದಿನ ಸೆಟ್ಟುಗಳಲ್ಲಿ ಎರಡೂ ವೈರು ಜೀವಂತ. ಒಂದನ್ನು ಬಾಡಿಗೆ ಮುಟ್ಟಿಸಿದರೂ ಒಳಗಿನ ಐಸಿಗೆ ಅಪಾಯ. ಬ್ರಿಟಿಷ್ ಮೂಲದ ಕೆಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಅರ್ಥ್ ಆಗಿರುತ್ತದೆ. ಅದನ್ನು ಗಮನಿಸದೆ ಹೊಸ ಸೆಟ್ಟನ್ನು ಡ್ಯಾಶ್‌ಗೆ ಬಿಗಿದರೆ ನೇರ ಶಾರ್ಟ್. ಎಂಜಿನ್ ವೇಗದ ಜೊತೆ ಏರಿಳಿಯುವ ಕುಂಯ್‌ಗುಟ್ಟುವಿಕೆಗೆ ಡೈನಮೊದ ದಪ್ಪ ತುದಿಗೊಂದು ಕಂಡೆನ್ಸರ್ ಬೇಕು. ಟಿಕ್ ಟಿಕ್ ಸದ್ದಿಗೆ ಕಾಯಿಲ್‌ನ ಇಗ್ನಿಷನ್ ಕಡೆಯ ತುದಿಗೆ ಇನ್ನೊಂದು. ಅದೇ ಕಂಡೆನ್ಸರನ್ನು ಮರೆತು ಪಾಯಿಂಟ್ ಕಡೆಗೆ ಹಾಕಿದರೆ ಎಂಜಿನ್ನೇ ಮಿಸ್ ಹೊಡೆಯುತ್ತದೆ. ಸೆಟ್ಟಿನ ಮೆಮೊರಿ ವೈರನ್ನು ಬ್ಯಾಟರಿಗೆ ನೇರ ಕೊಟ್ಟರೆ, ವಾರಗಟ್ಟಲೆ ನಿಂತ ಕಾರು ಸ್ಟಾರ್ಟ್ ಆಗುವುದಿಲ್ಲ. ಇವೆಲ್ಲ ನಮ್ಮ ಹಳೆಯ ಕಾರ್ ಎಲೆಕ್ಟ್ರೀಷಿಯನ್ನರಿಗೆ ಗೊತ್ತಿರುವ ಸಂಗತಿಗಳು. ಡೆಕೊರ್ಸ್ ಅಂಗಡಿಗೆ ಹೋಗುವ ಮೊದಲು ಅವರನ್ನು ಕೇಳಬೇಕು.

ಕೇಳುವ ಹಾಡಿನ ಸ್ವಭಾವವೂ ಮುಖ್ಯ. ಈ ಕಾರುಗಳಲ್ಲಿ ಜನ ಹೆಚ್ಚಾಗಿ ಹಾಕುವುದು ಪಿ.ಬಿ. ಶ್ರೀನಿವಾಸ್, ಘಂಟಸಾಲ ಕಾಲದ ಹಾಡುಗಳನ್ನು. ಅವು ಮೋನೊದಲ್ಲಿ ಮುದ್ರಣವಾದವು, ಅವುಗಳ ಜೀವ ಇರುವುದು ಕಂಠದಲ್ಲಿ. ಹಿಂದಿನಿಂದ ಬಾಸ್ ಗುದ್ದಿದರೆ ಆ ಕಂಠ ಮಸುಕಾಗುತ್ತದೆ. ಮುಂದೆ, ಕೇಳುವವರ ಎದುರಿಗೆ ಇಟ್ಟ ಎರಡು ನಾಲ್ಕಿಂಚಿನ ಒಳ್ಳೆಯ ಸ್ಪೀಕರುಗಳಲ್ಲಿ ಮಾತಿನ ಪ್ರತಿ ಅಕ್ಷರವೂ ತಿಳಿಯುತ್ತದೆ. ಅದಕ್ಕೂ ಮೊದಲು ಬಾಗಿಲಿನ ರಬ್ಬರ್ ಬೀಡಿಂಗ್ ಬದಲಿಸಿ ಗಾಳಿಯ ಸದ್ದು ಇಳಿಸುವುದು ಎಷ್ಟೋ ವಾಟುಗಳಿಗೆ ಸಮ. ಡ್ಯಾಂಪಿಂಗ್ ಶೀಟ್ ಅಂಟಿಸುವವರು ಡಾಂಬರಿನ ಅಗ್ಗದ ಶೀಟನ್ನು ಬಿಟ್ಟು ಬ್ಯುಟೈಲ್ ಶೀಟನ್ನೇ ಆರಿಸಬೇಕು; ತೆಲಂಗಾಣದ ಬೇಸಿಗೆಯಲ್ಲಿ ಡಾಂಬರು ಮೆತ್ತಗಾಗಿ ಜಾರುತ್ತದೆ, ವಾಸನೆ ಹೊಡೆಯುತ್ತದೆ. ನೆಲದ ತಗಡಿನಲ್ಲಿ ತುಕ್ಕಿದ್ದರೆ ಅದನ್ನು ತೆಗೆಸಿಯೇ ಶೀಟ್ ಹಾಕಿಸಬೇಕು. ಇಲ್ಲವಾದರೆ ನೀರು ಅಡಿಯಲ್ಲೇ ಕಟ್ಟಿಕೊಂಡು ನೆಲವನ್ನು ತಿನ್ನುತ್ತದೆ.

ಈ ವಿಚಾರದಲ್ಲಿ ಜಗತ್ತು ಒಪ್ಪಿಕೊಂಡ ನಿಯಮವೂ ಇದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ಪ್ರಕಾರ ಬದಲಾವಣೆ ಅನಿವಾರ್ಯವಾದಲ್ಲಿ ಅದನ್ನು ಮರಳಿ ತೆಗೆಯಲು ಬರುವಂತಿರಬೇಕು, ತೆಗೆದ ಮುಖ್ಯ ಭಾಗಗಳು ವಾಹನದ ಜೊತೆಗೇ ಇರಬೇಕು. ಭಾರತ ಸರ್ಕಾರ 2021ರಲ್ಲಿ ತಂದ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ, ಚಾಸಿಸ್, ಬಾಡಿ ಶೆಲ್, ಎಂಜಿನ್ ದೊಡ್ಡ ರೀತಿಯಲ್ಲಿ ಬದಲಾಗದ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಮೊದಲ ಪದ್ಮಿನಿಗಳು ಈಗ ಆ 50ರ ಗಡಿ ದಾಟಿವೆ. ಸ್ಟೀರಿಯೊ ಬದಲಿಸಿದ್ದಕ್ಕೆ ಈ ನಿಯಮ ತಡೆಯೊಡ್ಡುವುದಿಲ್ಲ. ಆದರೂ ಬಾಡಿಯನ್ನು ಇದ್ದಂತೆ ಉಳಿಸಿಕೊಂಡ ಕಾರಿಗೆ ಮುಂದಿನ ದಿನಗಳಲ್ಲಿ ಹೆಚ್ಚು ಬೆಲೆ, ಹೆಚ್ಚು ಗೌರವ ಸಿಗುವುದು ಖಚಿತ.

ಹಾಗಾದರೆ ದುಡ್ಡು ಎಲ್ಲಿಗೆ ಮೊದಲು ಹೋಗಬೇಕು? ಹೊಸ ಅರ್ಥ್ ವೈರು, ಬ್ಯಾಟರಿಯಿಂದ ಫ್ಯೂಸ್ ಸಹಿತ ಪ್ರತ್ಯೇಕ ಲೈನು, ಬೇಕಿದ್ದರೆ ಡೈನಮೊ ಜಾಗಕ್ಕೆ ಆಲ್ಟರ್ನೇಟರ್. ಆಲ್ಟರ್ನೇಟರ್ ನಟ್ಟು-ಬೋಲ್ಟಿನ ಕೆಲಸ, ಡೈನಮೊ ಎತ್ತಿಟ್ಟುಕೊಂಡರೆ ಎಂದಾದರೂ ಮರಳಿ ಹಾಕಬಹುದು. ಆಮೇಲೆ ಮುಂದಿನ ಸ್ಪೀಕರುಗಳು, ಆಮೇಲೆ ಆಂಪ್ಲಿಫೈಯರ್. ಹೊಳೆಯುವ ಮುಖದ ಸೆಟ್ ಕೊನೆಗೆ, ಅಥವಾ ಬೇಡವೇ ಬೇಡ. ಈಗ ನಡೆಯುತ್ತಿರುವುದು ಇದರ ತಿರುವುಮುರುವು: ಸೆಟ್ ಮೊದಲು, ವೈರಿಂಗ್ ಕೊನೆಗೆ. ಕೆಲಸ ಮುಗಿಸಿದ ಅಂಗಡಿ ಬಿಲ್ಲಿನ ಜೊತೆ ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬ ಕೈನಕ್ಷೆಯನ್ನೂ ಬಿಚ್ಚಿದ ಭಾಗಗಳ ಡಬ್ಬಿಯನ್ನೂ ಕೊಡಬೇಕು. ಮಿಯಾಪುರದ ಯಾವ ಅಂಗಡಿಗೂ ಇದು ದೊಡ್ಡ ಖರ್ಚಿನ ಮಾತಲ್ಲ. ಕಾರಿನ ಮಾಲೀಕರು ಕೀಲಿ ಕೊಡುವ ಮೊದಲೇ ಇವೆರಡನ್ನೂ ಷರತ್ತಾಗಿ ಹೇಳಿದರೆ ಈ ಕಸುಬು ಒಂದು ಮೆಟ್ಟಿಲು ಮೇಲೇರುತ್ತದೆ.